ಎಳೆಯಲು ಇನ್ನೂರು ಕೆಜಿ, ನಿಲ್ಲಿಸಲು ನೂರು ಮೀಟರು

ಹತ್ತು ಟನ್ ತೂಗುವ ಕಬ್ಬಿನ ಟ್ರೈಲರನ್ನು ಸಮತಟ್ಟಾದ ಟಾರು ರಸ್ತೆಯಲ್ಲಿ ಉರುಳಿಸಿಕೊಂಡು ಹೋಗಲು ಎಷ್ಟು ಬಲ ಬೇಕು? ಐದು ಟನ್ನಿನಷ್ಟು? ಮೂರು? ಅಷ್ಟೆಲ್ಲ ಬೇಡ. ಸುಮಾರು 200 ಕೆಜಿ ಸಾಕು. ಹತ್ತು ಸಾವಿರ ಕೆಜಿಯ ಭಾರವನ್ನೆಲ್ಲ ಹೊರುವುದು ನೆಲ. ಟಯರಿನಲ್ಲಿ ಗಾಳಿ ಸರಿಯಾಗಿದ್ದು, ಬೇರಿಂಗು ಚೆನ್ನಾಗಿದ್ದು, ರಸ್ತೆ ಗಟ್ಟಿಯಾಗಿದ್ದರೆ ಎಳೆಯುವವನ ಪಾಲಿಗೆ ಬರುವುದು ನೂರಕ್ಕೆ ಎರಡು ಪಾಲು ಮಾತ್ರ.

ಪಾಂಡವಪುರದ ಸುತ್ತ ಕಬ್ಬು ಅರೆಯುವ ಹಂಗಾಮಿನಲ್ಲಿ ನಡೆಯುವ ಸಾಗಾಟವೆಲ್ಲ ನಿಂತಿರುವುದು ಈ ನೂರಕ್ಕೆ ಎರಡರ ಮೇಲೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಮೇಲೆ ಈ ಸೀಮೆ ಕಬ್ಬಿನ ಸೀಮೆಯಾಯಿತು. 1933ರಲ್ಲಿ ಮಂಡ್ಯದಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಹುಟ್ಟಿತು, ಆಮೇಲೆ ಪಾಂಡವಪುರದ ಸಹಕಾರಿ ಕಾರ್ಖಾನೆ ಬಂತು, ಊರೂರಿಗೆ ಆಲೆಮನೆಗಳಾದವು. ದಿನಕ್ಕೆ 3,500 ಟನ್ ಅರೆಯುವ ಒಂದು ಕಾರ್ಖಾನೆಯನ್ನು ಲೆಕ್ಕಕ್ಕೆ ಹಿಡಿಯೋಣ. ಟ್ರೈಲರಿಗೆ 8 ಟನ್ ಕಬ್ಬು ಎಂದರೆ ದಿನಕ್ಕೆ ಸುಮಾರು 440 ಲೋಡು. ಹಗಲು ರಾತ್ರಿ ಬಿಡುವಿಲ್ಲದೆ ಮೂರೂಕಾಲು ನಿಮಿಷ ಕಳೆಯುವುದರೊಳಗೆ ಒಂದೊಂದು ಲೋಡು ತೂಕದ ಮನೆ ದಾಟಬೇಕು. ಒಂದು ಟ್ರ್ಯಾಕ್ಟರು, ಅದರ ಹಿಂದೊಂದು ಟ್ರೈಲರು ಸೇರಿ ಹತ್ತು ಮೀಟರ್ ಉದ್ದ ಎಂದುಕೊಂಡರೆ, ಒಂದೇ ದಿನದ ಲೋಡು ಸಾಲುಗಟ್ಟಿ ನಿಂತಾಗ ನಾಲ್ಕು ಕಿಲೋಮೀಟರು ಮೀರುತ್ತದೆ. ಎಕರೆಗೆ 40 ಟನ್ ಇಳುವರಿ ಬಂದರೂ ಒಂದು ದಿನಕ್ಕೆ 87 ಎಕರೆ ಕಟಾವಾಗಬೇಕು. ಹಂಗಾಮು 150 ದಿನ ನಡೆದರೆ 66 ಸಾವಿರ ಲೋಡು.

ಈ 66 ಸಾವಿರ ಸಲವೂ ಯಾರೋ ಒಬ್ಬರು ಮನಸ್ಸಿನಲ್ಲೇ ಒಂದು ಲೆಕ್ಕ ಹಾಕುತ್ತಾರೆ: ಈ ಗಾಡಿ ಇಷ್ಟನ್ನು ಎಳೆದೀತೇ? ಲೆಕ್ಕ ಹಾಕುವವರು ಎಂಜಿನ್ನಿನ ಸದ್ದನ್ನು ನಂಬುತ್ತಾರೆ. ಗಾಡಿ ಜಗ್ಗಿತು, ಮುಂದೆ ಹೋಯಿತು ಎಂದರೆ ಲೋಡು ಸರಿಯಿದೆ ಎಂದೇ ಅರ್ಥ. ಆದರೆ ಗಾಡಿ ಮುಂದೆ ಹೋಯಿತು ಎಂಬುದರಿಂದ ಅದು ಸುರಕ್ಷಿತ ಎಂದು ತಿಳಿಯುವುದಿಲ್ಲ. ಅದಕ್ಕೆ ಅಮೆರಿಕದಲ್ಲಿ ಜಗತ್ತೇ ನೋಡಿದ ಒಂದು ಸಾಕ್ಷಿಯಿದೆ.

2012ರ ಅಕ್ಟೋಬರಿನಲ್ಲಿ ನಿವೃತ್ತ ಬಾಹ್ಯಾಕಾಶ ನೌಕೆ ಎಂಡೆವರ್ ಲಾಸ್ ಏಂಜಲೀಸಿನ ಬೀದಿಗಳಲ್ಲಿ ಮ್ಯೂಸಿಯಮ್ಮಿಗೆ ಹೊರಟಿತ್ತು. ದಾರಿಯಲ್ಲಿ ಹೆದ್ದಾರಿಯ ಮೇಲಿನ ಒಂದು ಸೇತುವೆ ಬಂತು. ಆ ಸೇತುವೆಯ ಮೇಲೆ ನೌಕೆಯನ್ನು ಎಳೆದದ್ದು ಟೊಯೋಟಾ ಕಂಪನಿಯ ಟುಂಡ್ರಾ ಎಂಬ ಪಿಕಪ್. ನೌಕೆ ಮತ್ತು ಅದನ್ನು ಹೊತ್ತ ಚಕ್ರದ ಹಾಸು ಸೇರಿ ಸುಮಾರು 130 ಟನ್. ಆ ಪಿಕಪ್‌ಗೆ ಕಂಪನಿ ಕೊಟ್ಟಿದ್ದ ಎಳೆಯುವ ಮಿತಿ ಸುಮಾರು ನಾಲ್ಕೂವರೆ ಟನ್. ಮಿತಿಗಿಂತ ಹೆಚ್ಚುಕಡಿಮೆ ಮೂವತ್ತು ಪಟ್ಟು ಭಾರವನ್ನು ಅದು ಎಳೆದು ದಾಟಿಸಿತು. ಹಾಗಾದರೆ ಕಂಪನಿ ಸುಳ್ಳು ಹೇಳಿತ್ತೇ? ಇಲ್ಲ. ನಡಿಗೆಯ ವೇಗ, ಖಾಲಿ ಮಾಡಿಸಿದ ರಸ್ತೆ, ಪಕ್ಕದಲ್ಲಿ ತಂತ್ರಜ್ಞರು ಇದ್ದಾಗ 130 ಟನ್ ಸಾಧ್ಯ. ನಾಲ್ಕೂವರೆ ಟನ್ನಿನ ಮಿತಿ ಬರೆದಿರುವುದು ಬೇರೆ ದಿನಗಳಿಗೆ: ಏರಿಗೆ, ಇಳಿಜಾರಿಗೆ, ತಿರುವಿಗೆ, ಎದುರಿಗೆ ಇದ್ದಕ್ಕಿದ್ದಂತೆ ಹಸು ಬರುವ ಗಳಿಗೆಗೆ.

ನೂರಕ್ಕೆ ಎರಡು ಎಂಬುದು ಟಾರಿನ ಕೃಪೆ. ಟಾರು ಬಿಟ್ಟು ಮಣ್ಣಿನ ದಾರಿಗೆ ಇಳಿದರೆ ಅದು ನಾಲ್ಕೈದಾಗುತ್ತದೆ. ನೀರು ಕಟ್ಟಿದ ಗದ್ದೆ ಬಯಲಿನ ಮೆತ್ತನೆ ನೆಲದಲ್ಲಿ ಹತ್ತು, ಕೆಸರಿನಲ್ಲಿ ಇಪ್ಪತ್ತೂ ಆಗಬಹುದು. ಟಾರಿನ ಮೇಲೆ 200 ಕೆಜಿ ಕೇಳುತ್ತಿದ್ದ ಅದೇ ಟ್ರೈಲರು ಕಬ್ಬಿನ ಗದ್ದೆಯಿಂದ ಹೊರಬರುವಾಗ 1,000 ಕೆಜಿ ಕೇಳುತ್ತದೆ. ಹೊರೆಯ ತೂಕ ಅಷ್ಟೇ ಇದೆ, ನೆಲ ಮಾತ್ರ ಬದಲಾಗಿದೆ. ಗದ್ದೆ ಬದುವಿನಲ್ಲಿ ಒಂದು ಟ್ರ್ಯಾಕ್ಟರಿನ ಮುಂದೆ ಇನ್ನೊಂದನ್ನು ಕಟ್ಟಿ ಎಳೆಸುವುದು ಇದಕ್ಕೇ.

ಎತ್ತಿನ ಲೆಕ್ಕವೂ ಹೀಗೆಯೇ. ದುಡಿಯುವ ಎತ್ತು ದಿನವಿಡೀ ಸುಸ್ತಾಗದೆ ಎಳೆಯಬಲ್ಲದ್ದು ತನ್ನ ಮೈತೂಕದ ಹತ್ತನೇ ಒಂದು ಭಾಗದಷ್ಟು. ಒಳ್ಳೆಯ ಹಳ್ಳಿಕಾರ್ ಜೋಡಿ ಎಂದರೆ ಹತ್ತಿರ ಹತ್ತಿರ 90 ಕೆಜಿ ಎಳೆತ. ಟಾರಿನ ಮೇಲೆ ಟಯರಿನ ಗಾಡಿಯಲ್ಲಿ 90 ಕೆಜಿ ಎಳೆತಕ್ಕೆ ನಾಲ್ಕೂವರೆ ಟನ್ ಉರುಳುತ್ತದೆ. ಕೆಸರಿನಲ್ಲಿ ಅರ್ಧ ಟನ್ನೂ ಕಷ್ಟ. ಒಂದೇ ಜೋಡಿ, ಒಂದೇ ಗಾಡಿ, ಹತ್ತು ಪಟ್ಟು ವ್ಯತ್ಯಾಸ.

ಆ ವ್ಯತ್ಯಾಸ ಇದೇ ನೆಲದಲ್ಲಿ ಒಂದು ಯುದ್ಧದ ದಿಕ್ಕನ್ನೇ ಬದಲಿಸಿದ್ದುಂಟು. 1791ರ ಮೇ 15ರಂದು ಅರಕೆರೆಯ ಬಳಿ ಟಿಪ್ಪುವಿನ ಸೈನ್ಯವನ್ನು ಹಿಮ್ಮೆಟ್ಟಿಸಿದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ಗೆ ಶ್ರೀರಂಗಪಟ್ಟಣ ಕಣ್ಣೆದುರೇ ಇತ್ತು. ಕೋಟೆ ಒಡೆಯಲು ತಂದ ಭಾರಿ ತೋಪುಗಳೂ ಇದ್ದವು. ಇಪ್ಪತ್ತನಾಲ್ಕು ಪೌಂಡಿನ ಗುಂಡು ಹಾರಿಸುವ ತೋಪಿನ ಕಬ್ಬಿಣದ ನಳಿಗೆಯೇ ಸುಮಾರು ಎರಡೂವರೆ ಟನ್. ಗಾಡಿಯೂ ಸೇರಿದರೆ ಮೂರೂವರೆ ದಾಟೀತು. ಮಳೆಯಲ್ಲಿ ನೆನೆದ ನೆಲ, ಕಬ್ಬಿಣದ ಪಟ್ಟಿಯ ಮರದ ಚಕ್ರ. ನೂರಕ್ಕೆ ಇಪ್ಪತ್ತು ಎಂದು ಹಿಡಿದರೂ ಒಂದೊಂದು ತೋಪಿಗೆ 700 ಕೆಜಿ ಎಳೆತ ಬೇಕು. ಹೊಟ್ಟೆತುಂಬ ತಿಂದ ಎತ್ತುಗಳಾದರೆ ಎಂಟು ಜೋಡಿ ಸಾಕು ಎನ್ನುತ್ತದೆ ಕಾಗದ. ಆದರೆ ಮೇವಿಲ್ಲದೆ, ರೋಗ ಬಡಿದು ಎತ್ತುಗಳು ಸಾಯುತ್ತಿದ್ದವು. ಉದ್ದ ಸಾಲಿನಲ್ಲಿ ಕಟ್ಟಿದ ಎತ್ತುಗಳು ಒಂದೇ ಗಳಿಗೆಗೆ ಒಟ್ಟಿಗೆ ಜಗ್ಗುವುದೂ ಇಲ್ಲ. ಕೊನೆಗೆ ಸೈನಿಕರೇ ತೋಪುಗಳಿಗೆ ಹೆಗಲು ಕೊಡಬೇಕಾಯಿತು. ಕನ್ನಂಬಾಡಿಯವರೆಗೆ ಹೋದ ಕಾರ್ನ್‌ವಾಲಿಸ್ ಅಲ್ಲಿ ತನ್ನ ಕೋಟೆ ಒಡೆಯುವ ತೋಪುಗಳನ್ನು ತಾನೇ ನಾಶ ಮಾಡಿ ಬೆಂಗಳೂರಿಗೆ ಹಿಂದಿರುಗಿದ. ಆ ಹಳೆಯ ಕನ್ನಂಬಾಡಿ ಈಗ ಕೃಷ್ಣರಾಜಸಾಗರದ ನೀರಿನಡಿ ಇದೆ. ಅವನು ಮತ್ತೆ ಬಂದು ಫ್ರೆಂಚ್ ರಾಕ್ಸ್‌ನಲ್ಲಿ, ಅಂದರೆ ಇಂದಿನ ಪಾಂಡವಪುರದಲ್ಲಿ, ಬೀಡು ಬಿಟ್ಟದ್ದು 1792ರ ಫೆಬ್ರವರಿಯಲ್ಲಿ. ಎತ್ತಿನ ಲೆಕ್ಕ ತಪ್ಪಿದ್ದಕ್ಕೆ ತೆತ್ತ ಬೆಲೆ ಎಂಟು ತಿಂಗಳು ಮೀರಿದ ಕಾಲ.

ಎದುರು ಪಾಳೆಯದಲ್ಲಿ ಅದೇ ಎಳೆತದ ವಿದ್ಯೆ ಬೇರೆಯೇ ಮಟ್ಟದಲ್ಲಿತ್ತು. ಅಮೃತ ಮಹಲ್ ಎತ್ತುಗಳ ಬಲದಿಂದ ಹೈದರಾಲಿ ಚಿದಂಬರದ ರಕ್ಷಣೆಗೆಂದು ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದನೆಂದು ಮೈಸೂರು ಗೆಜೆಟಿಯರ್ ದಾಖಲಿಸಿದೆ. ದಿನಕ್ಕೆ 64 ಕಿಲೋಮೀಟರು, ಸೈನ್ಯದ ಸರಂಜಾಮಿನ ಸಮೇತ.

ನೆಲದ ನಂತರ ಏರು. ಏರಿನ ಗಣಿತ ಬಹಳ ಸರಳ: ಹತ್ತು ಮೀಟರ್ ಹೋದಾಗ ಒಂದು ಮೀಟರ್ ಏರುವ ರಸ್ತೆಯಲ್ಲಿ ತೂಕದ ಹತ್ತನೇ ಒಂದು ಭಾಗ ಹಿಂದಕ್ಕೆ ಜಗ್ಗುತ್ತದೆ. ಹತ್ತು ಟನ್ನಿನ ಟ್ರೈಲರಿಗೆ ಅದು 1,000 ಕೆಜಿ. ಟಾರಿನ 200 ಸೇರಿ 1,200. ಸಮತಟ್ಟಿನಲ್ಲಿ ಕೇಳಿದ್ದರ ಆರು ಪಟ್ಟು. ಎತ್ತಿನ ಗಾಡಿಗೆ ಹೊರಿಸಬಹುದಾದ ಭಾರದ ಬಗ್ಗೆ ಭಾರತ ಸರ್ಕಾರ 1965ರಲ್ಲಿ ಮಾಡಿದ ನಿಯಮದಲ್ಲೂ ಉದ್ದನೆಯ ಕಡಿದಾದ ಏರು ಇರುವ ದಾರಿಗೆ ಭಾರವನ್ನು ಅರ್ಧಕ್ಕೆ ಇಳಿಸಬೇಕೆಂಬ ಮಾತಿದೆ. ಎತ್ತಿಗೆ ಕೊಟ್ಟ ಈ ರಿಯಾಯಿತಿಯನ್ನು ನಾವು ಟ್ರ್ಯಾಕ್ಟರಿಗೆ ಕೊಡುವುದಿಲ್ಲ.

45 ಅಶ್ವಶಕ್ತಿಯ ಟ್ರ್ಯಾಕ್ಟರು ಈ ಏರನ್ನು ಹತ್ತಬಲ್ಲದೇ? ಎಂಜಿನ್ ಮಟ್ಟಿಗೆ ಹತ್ತಬಲ್ಲದು, ಗಂಟೆಗೆ ಏಳು ಕಿಲೋಮೀಟರಿನ ಆಸುಪಾಸಿನಲ್ಲಿ. ತೊಂದರೆ ಬರುವುದು ಮುಂದಿನ ಗಾಲಿಯಲ್ಲಿ. ಎರಡು ಟನ್ನಿನ ಟ್ರ್ಯಾಕ್ಟರಿನಲ್ಲಿ ಮುಂದಿನ ಗಾಲಿಗಳ ಮೇಲೆ ಇರುವುದು ಸುಮಾರು 700 ಕೆಜಿ. ಟ್ರೈಲರಿನ ಮೂಕಿ ಕೊಂಡಿಯ ಮೇಲೆ ಒಂದು ಟನ್ ಒತ್ತುತ್ತಿದೆ ಎನ್ನಿ. ಕೊಂಡಿ ಹಿಂದಿನ ಗಾಲಿಯ ಅಚ್ಚಿಗಿಂತ ಅರವತ್ತು ಸೆಂಟಿಮೀಟರ್ ಹಿಂದಿದೆ, ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದೆ. ಆ ಒತ್ತಡವೂ 1,200 ಕೆಜಿಯ ಎಳೆತವೂ ಸೇರಿ ಟ್ರ್ಯಾಕ್ಟರನ್ನು ಹಿಂದಿನ ಗಾಲಿಯ ಮೇಲೆ ಮೀಟುತ್ತವೆ. ಎರಡು ಮೀಟರಿಗೆ ತುಸು ಕಡಿಮೆ ಅಂತರದ ಗಾಲಿಗಳಿಗೆ ಲೆಕ್ಕ ಹಾಕಿದರೆ ಮುಂದಿನ ಗಾಲಿಗಳ ಮೇಲೆ ಉಳಿಯುವುದು 70 ಕೆಜಿ. ಒಬ್ಬ ಮನುಷ್ಯನ ತೂಕ! ಸ್ಟೇರಿಂಗು ತಿರುಗಿಸಿದರೆ ಗಾಲಿ ತಿರುಗುತ್ತದೆ, ಗಾಡಿ ತಿರುಗುವುದಿಲ್ಲ. ಏರಿನಲ್ಲಿ ಬಾನೆಟ್ಟಿನ ಮೇಲೆ ಆಳುಗಳು ಕೂತು ಹೋಗುವುದನ್ನು ಕಬ್ಬಿನ ಸೀಮೆಯವರೆಲ್ಲ ಕಂಡಿದ್ದಾರೆ. ಆ ಭೌತಶಾಸ್ತ್ರ ಸರಿ, ಆದರೆ ಅಲ್ಲಿ ತೂಕದ ಕಲ್ಲಾಗಿ ಕೂತಿರುವುದು ಜೀವ.

ಲೋಡು ನೋಡಿ ತೂಕ ಹೇಳುತ್ತೇನೆ ಎನ್ನುವವರಿಗೂ ಒಂದು ಲೆಕ್ಕ. ಒಟ್ಟಿದ ಕಬ್ಬು ಒಂದು ಘನ ಮೀಟರಿಗೆ ಸುಮಾರು 400 ಕೆಜಿ. ಜಲ್ಲಿ ಅದೇ ಜಾಗದಲ್ಲಿ 1,500. ಎಂಟು ಟನ್ ಕಬ್ಬಿಗೆ 20 ಘನ ಮೀಟರ್ ಬೇಕು, ಎಂಟು ಟನ್ ಜಲ್ಲಿಗೆ ಐದು ಚಿಲ್ಲರೆ. ಗುಡ್ಡದಂತೆ ಕಾಣುವ ಕಬ್ಬಿನ ಗಾಡಿಯೂ, ಕಲ್ಲಿನ ಕೆಲಸಕ್ಕೆ ಹೆಸರಾದ ಬೇಬಿ ಬೆಟ್ಟದ ಸೀಮೆಯಲ್ಲಿ ಅಂಚಿನವರೆಗೆ ಜಲ್ಲಿ ತುಂಬಿ ಸಭ್ಯವಾಗಿ ಕಾಣುವ ಗಾಡಿಯೂ ಒಂದೇ ತೂಕ ಇರಬಹುದು. ಕಣ್ಣಿಗೆ ತಿಳಿಯುವುದು ಗಾತ್ರ, ಭಾರವಲ್ಲ.

ಗಾತ್ರ ಅಪಾಯ ಮಾಡುವುದು ತಿರುವಿನಲ್ಲಿ. ಕಬ್ಬಿನ ಹೊರೆಯ ಭಾರದ ನಡುಬಿಂದು ನೆಲದಿಂದ 1.9 ಮೀಟರ್ ಎತ್ತರದಲ್ಲಿದ್ದು, ಗಾಲಿಗಳ ನಡುವಿನ ಅಗಲ 1.6 ಮೀಟರ್ ಇದ್ದರೆ, ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ 17 ಮೀಟರಿಗಿಂತ ಬಿಗಿಯಾದ ತಿರುವು ಗಾಡಿಯನ್ನು ಮಗುಚುತ್ತದೆ. 20 ಕಿಲೋಮೀಟರಿಗೆ ಇಳಿಸಿದರೆ ಏಳೂವರೆ ಮೀಟರಿನ ತಿರುವೂ ದಾಟಬಹುದು. ವೇಗ ಒಂದೂವರೆ ಪಟ್ಟು ಏರಿದರೆ ಬೇಕಾದ ಜಾಗ ಎರಡೂಕಾಲು ಪಟ್ಟು ಏರುತ್ತದೆ. ನಾಲೆ ಏರಿಯ ಮೇಲಿನ ರಸ್ತೆಗಳಲ್ಲಿ ಆ ಜಾಗವೇ ಇರುವುದಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು. ಆ ಬಸ್ಸು ಏನನ್ನೂ ಎಳೆಯುತ್ತಿರಲಿಲ್ಲ. ಆದರೂ ನಾಲೆ ಬದಿಯ ರಸ್ತೆ ತಪ್ಪಿಗೆ ಎಷ್ಟು ಕಡಿಮೆ ಜಾಗ ಬಿಡುತ್ತದೆ ಎಂಬುದನ್ನು ಅದು ತೋರಿಸಿತು.

ಈಗ ಬ್ರೇಕಿನ ಲೆಕ್ಕ. ಹನ್ನೆರಡು ಟನ್, ಅಂದರೆ ಎರಡು ಟನ್ ಟ್ರ್ಯಾಕ್ಟರು ಮತ್ತು ಹತ್ತು ಟನ್ ಟ್ರೈಲರು, ಗಂಟೆಗೆ 30 ಕಿಲೋಮೀಟರಿನಲ್ಲಿ ಹೋಗುತ್ತಿದೆ. ಅದರಲ್ಲಿ ತುಂಬಿಕೊಂಡಿರುವ ಶಕ್ತಿ, ಅಷ್ಟೂ ಭಾರವನ್ನು ಮೂರೂವರೆ ಮೀಟರ್ ಮೇಲಕ್ಕೆ ಎತ್ತುವಷ್ಟು. ಈ ಶಕ್ತಿಯನ್ನೆಲ್ಲ ಬ್ರೇಕು ನುಂಗಬೇಕು. ಟ್ರೈಲರಿಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ, ಅಥವಾ ಇದ್ದೂ ಕೆಲಸ ಮಾಡದಿದ್ದರೆ, ಹಿಡಿಯುವುದು ಟ್ರ್ಯಾಕ್ಟರಿನ ಹಿಂದಿನ ಎರಡು ಗಾಲಿಗಳು ಮಾತ್ರ. ಒಣ ಟಾರಿನಲ್ಲಿ ಅವು ಹೆಚ್ಚೆಂದರೆ 1,400 ಕೆಜಿ ತಡೆ ಕೊಟ್ಟಾವು. ಟಯರುಗಳ ಉರುಳುವ ತಡೆಯೂ ಸೇರಿ 1,600. ಒಂಟಿ ಟ್ರ್ಯಾಕ್ಟರು 9 ಮೀಟರಿನಲ್ಲಿ ನಿಲ್ಲುತ್ತಿದ್ದದ್ದು ಈಗ ಸಮತಟ್ಟಿನಲ್ಲಿ 26 ಮೀಟರ್ ತೆಗೆದುಕೊಳ್ಳುತ್ತದೆ. ಚಾಲಕ ಎಚ್ಚೆತ್ತು ಕಾಲು ಒತ್ತುವ ಒಂದು ಸೆಕೆಂಡಿನಲ್ಲಿ ಸಾಗಿದ 8 ಮೀಟರ್ ಬೇರೆ.

ಇಳಿಜಾರಿಗೆ ಬರೋಣ. ಇಪ್ಪತ್ತಕ್ಕೆ ಒಂದರ ಇಳಿಜಾರಿನಲ್ಲಿ ನಿಲ್ಲಲು 42 ಮೀಟರ್. ಹತ್ತಕ್ಕೆ ಒಂದರ ಇಳಿಜಾರು 1,200 ಕೆಜಿಯಷ್ಟು ಮುಂದಕ್ಕೆ ನೂಕುತ್ತದೆ; 1,600ರಲ್ಲಿ ಅದನ್ನು ಕಳೆದರೆ ಬ್ರೇಕಿಗೆ ಉಳಿಯುವುದು 400. ನಿಲ್ಲಲು 106 ಮೀಟರ್ ಬೇಕು. ಏಳಕ್ಕೆ ಒಂದರ ಇಳಿಜಾರಿನಲ್ಲಿ ನೂಕುವ ಬಲ 1,700 ದಾಟುತ್ತದೆ. ಆಗ ನಿಲ್ಲುವ ದೂರ ಎಂಬುದೇ ಇಲ್ಲ; ಎಷ್ಟು ಬ್ರೇಕ್ ಒತ್ತಿದರೂ ವೇಗ ಏರುತ್ತಲೇ ಹೋಗುತ್ತದೆ. ಇದೆಲ್ಲ ಒಣ ರಸ್ತೆ, ಒಳ್ಳೆಯ ಟಯರು, ನೇರ ದಾರಿಯ ಲೆಕ್ಕ. ಕಬ್ಬಿನ ತರಗು ಬಿದ್ದ, ಇಬ್ಬನಿಯಲ್ಲಿ ಒದ್ದೆಯಾದ ರಸ್ತೆಯಲ್ಲಿ ಇಷ್ಟೂ ಸಿಗುವುದಿಲ್ಲ.

ಈ ಅಂಕಿಗಳ ಪಕ್ಕದಲ್ಲಿ ಯೂರೋಪಿನ ಒಂದು ಅಂಕಿ ಇಟ್ಟು ನೋಡಿ. ಅಲ್ಲಿ ಕಾರಿನ ಹಿಂದೆ ಕಟ್ಟುವ, ಸ್ವಂತ ಬ್ರೇಕ್ ಇಲ್ಲದ ಟ್ರೈಲರು ಹೊರೆಯೂ ಸೇರಿ 750 ಕೆಜಿ ದಾಟುವಂತಿಲ್ಲ. ಬ್ರಿಟನ್ನಿನಲ್ಲಿ ಎಳೆಯುವ ಕಾರಿನ ಅರ್ಧ ತೂಕವನ್ನೂ ಅದು ಮೀರಬಾರದು. ನಮ್ಮ ಬ್ರೇಕಿಲ್ಲದ ಹತ್ತು ಟನ್ ಆ ಮಿತಿಯ ಹದಿಮೂರು ಪಟ್ಟು.

ಅಮೆರಿಕದಲ್ಲಿ ಪಿಕಪ್ ಕಂಪನಿಗಳು ಎಳೆಯುವ ಅಂಕಿಯನ್ನು ಒಬ್ಬರಿಗಿಂತ ಒಬ್ಬರು ಏರಿಸಿ ಜಾಹೀರಾತು ಕೊಡುತ್ತಿದ್ದವು. ಆಮೇಲೆ ಎಂಜಿನಿಯರುಗಳ ಸಂಘ ಒಂದೇ ಅಳತೆಗೋಲು ತಂದಿತು. ಅದರ ಪ್ರಕಾರ ಭಾರ ಕಟ್ಟಿಕೊಂಡ ಪಿಕಪ್ ಬೇಸಿಗೆಯ ಬಿಸಿಲಿನಲ್ಲಿ, ಏಸಿ ಪೂರ್ತಿ ಹಾಕಿ, ಅರಿಝೋನಾದ ಡೇವಿಸ್ ಡ್ಯಾಮ್ ಏರನ್ನು ಗಂಟೆಗೆ 40 ಮೈಲಿಗಿಂತ ವೇಗ ಇಳಿಯದಂತೆ ಹತ್ತಬೇಕು. ಆ ಏರಿನ ಉದ್ದ 11 ಮೈಲಿಗೂ ಹೆಚ್ಚು. ಕಡಿದಾದ ಇಳಿಜಾರಿನಲ್ಲಿ ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕು ಪಿಕಪ್, ಟ್ರೈಲರು ಎರಡನ್ನೂ ಹಿಡಿದು ನಿಲ್ಲಿಸಬೇಕು.

ಅಲ್ಲಿಯ ಲೆಕ್ಕದ ಕ್ರಮ ನಮಗೂ ಪಾಠವೇ. ಪಿಕಪ್ ಮತ್ತು ಟ್ರೈಲರ್ ಸೇರಿದ ಒಟ್ಟು ಮಿತಿ 7,000 ಕೆಜಿ, ಪಿಕಪ್ ತೂಕ 2,300 ಎಂದುಕೊಳ್ಳಿ. ಕಳೆದರೆ 4,700, ಮಾರುವವನು ಹೇಳುವ ಅಂಕಿ ಇದು. ಜನ, ಸಾಮಾನು 500 ಕೆಜಿ ಕಳೆದರೆ 4,200. ಇನ್ನೂ ಮುಗಿಯಲಿಲ್ಲ. ಟ್ರೈಲರು ತನ್ನ ತೂಕದ ನೂರಕ್ಕೆ ಹತ್ತರಿಂದ ಹದಿನೈದು ಪಾಲನ್ನು ಕೊಂಡಿಯ ಮೇಲೆ ಹೊರಿಸಬೇಕು. ಕಡಿಮೆಯಾದರೆ ಬಾಲ ಅಲ್ಲಾಡುತ್ತದೆ, ಹೆಚ್ಚಾದರೆ ಮುಂದಿನ ಗಾಲಿ ಹಗುರಾಗುತ್ತದೆ. ನೊಗದ ಮೇಲೆ ಭಾರ ಹೆಚ್ಚಾದರೂ ಕಷ್ಟ, ಹಿಂಭಾರವಾಗಿ ನೊಗ ಎತ್ತಿದರೂ ಕಷ್ಟ ಎಂದು ಗಾಡಿ ಹೊಡೆಯುವವರು ಹೊರೆಯನ್ನು ಹಿಂದೆ ಮುಂದೆ ಸರಿಸುತ್ತಿದ್ದದ್ದು ಇದನ್ನೇ. ಪಿಕಪ್ಪಿನ ಬೆನ್ನು ಒಟ್ಟು 800 ಕೆಜಿ ಹೊರಬಲ್ಲದಾದರೆ, ಜನ ಮತ್ತು ಸಾಮಾನು ಹೋಗಿ ಕೊಂಡಿಗೆ ಉಳಿಯುವುದು 300. ಅದು ಹತ್ತನೇ ಒಂದು ಪಾಲಾಗಬೇಕಾದರೆ ಟ್ರೈಲರು 3,000 ಕೆಜಿ ಮೀರಬಾರದು; ನೂರಕ್ಕೆ ಹದಿನೈದು ಪಾಲಿಗೆ 2,000. ಜಾಹೀರಾತಿನ 4,700 ನಿಜದಲ್ಲಿ ಎರಡರಿಂದ ಮೂರು ಸಾವಿರ. ಇರುವ ಮಿತಿಗಳಲ್ಲಿ ಯಾವುದು ಎಲ್ಲಕ್ಕಿಂತ ಚಿಕ್ಕದೋ ಅದೇ ಉತ್ತರ.

ನಮ್ಮ ಪೇಟೆಯ ಪಿಕಪ್‌ಗಳು, 2005ರಲ್ಲಿ ಬಂದ 750 ಕೆಜಿ ಹೊರುವ ಟಾಟಾ ಏಸ್‌ನಿಂದ ಹಿಡಿದು 1.7 ಟನ್ನಿನ ಬೊಲೆರೊವರೆಗೆ, ಬೆನ್ನ ಮೇಲೆ ಹೊರಲು ಮಾಡಿದವು. ಹೊರುವ ಮಿತಿಯೇ ಎಳೆಯುವ ಮಿತಿಯಲ್ಲ. ಬೆನ್ನ ಮೇಲಿನ ಭಾರ ಬ್ರೇಕಿರುವ ಗಾಲಿಗಳನ್ನು ಒತ್ತಿ ಹಿಡಿತ ಕೊಡುತ್ತದೆ. ಹಿಂದೆ ಕಟ್ಟಿದ ಭಾರ ಹಿಡಿತ ಕೊಡದೆ ನೂಕುತ್ತದೆ. ಕಾಂಕ್ರೀಟು ಮಿಕ್ಸರನ್ನೋ ಕೆಟ್ಟ ಟ್ರ್ಯಾಕ್ಟರನ್ನೋ ಪಿಕಪ್ಪಿಗೆ ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆ, ಹಿಂದಿನದಕ್ಕೆ ಬ್ರೇಕಿದೆಯೇ ಎಂಬುದು.

ಹೆಚ್ಚು ಭಾರದ ಬಿಲ್ಲು ರಸ್ತೆಗೂ ಹೋಗುತ್ತದೆ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ನಡೆದ ದೊಡ್ಡ ಪ್ರಯೋಗದಿಂದ ಹೊರಬಂದ ಸೂತ್ರದಂತೆ, ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗೆ ಆಗುವ ಹಾನಿ ಸುಮಾರು ಹದಿನಾರು ಪಟ್ಟು. 2018ರಲ್ಲಿ ಭಾರತ ಸರ್ಕಾರ ನಾಲ್ಕು ಟಯರಿನ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5ಕ್ಕೆ ಏರಿಸಿತು. ಭಾರ ಏರಿದ್ದು ನೂರಕ್ಕೆ ಹದಿಮೂರು. ಈ ಸೂತ್ರದಲ್ಲಿ ಹಾನಿ ಏರುವುದು ನೂರಕ್ಕೆ ಅರವತ್ತು.

ಹಾಗಾದರೆ ರೈತ ಕಬ್ಬನ್ನು ಕಡಿಮೆ ತುಂಬಬೇಕೇ? ನನಗೆ ಎಲ್ಲಕ್ಕಿಂತ ಅಚ್ಚರಿ ತಂದ ಅಂಕಿ ಇಲ್ಲಿದೆ. ಎಂಟು ಟನ್ ಕಬ್ಬನ್ನು ಆರಕ್ಕೆ ಇಳಿಸಿದರೆ ಸಮತಟ್ಟಿನಲ್ಲಿ ನಿಲ್ಲುವ ದೂರ 26 ಮೀಟರಿನಿಂದ 24ರ ಹತ್ತಿರಕ್ಕೆ ಬರುತ್ತದೆ. ಎರಡು ಟನ್ ಬಿಟ್ಟುಕೊಟ್ಟು ಗಳಿಸಿದ್ದು ಎರಡು ಮೀಟರ್. ಅದೇ ಎಂಟು ಟನ್ ಹಾಗೆಯೇ ಇರಲಿ, ಟ್ರೈಲರಿನ ಗಾಲಿಗಳಿಗೆ ಕೆಲಸ ಮಾಡುವ ಬ್ರೇಕ್ ಹಾಕಿ. ಆ ಗಾಲಿಗಳ ಮೇಲೆ ಒಂಬತ್ತು ಟನ್ ಕೂತಿದೆ; ನೂರಕ್ಕೆ ನಲವತ್ತರ ಹಿಡಿತ ಸಿಕ್ಕರೂ 3,600 ಕೆಜಿ ತಡೆ ಹೊಸದಾಗಿ ಸೇರುತ್ತದೆ. ನಿಲ್ಲುವ ದೂರ 26ರಿಂದ 8 ಮೀಟರಿಗೆ ಇಳಿಯುತ್ತದೆ. ಹತ್ತು ಟನ್ ಎಳೆಯುತ್ತಿರುವ ಟ್ರ್ಯಾಕ್ಟರು ಒಂಟಿ ಟ್ರ್ಯಾಕ್ಟರಿಗಿಂತ ಬೇಗ ನಿಲ್ಲುತ್ತದೆ! ಹತ್ತಕ್ಕೆ ಒಂದರ ಇಳಿಜಾರಿನಲ್ಲಿ 106 ಮೀಟರ್ ಇದ್ದದ್ದು 11 ಆಗುತ್ತದೆ.

ಭಾರವನ್ನು ಶತ್ರು ಮಾಡುವುದೂ ಮಿತ್ರ ಮಾಡುವುದೂ ಆ ಭಾರದ ಕೆಳಗಿನ ಗಾಲಿ ಹಿಡಿಯುತ್ತದೆಯೇ ಇಲ್ಲವೇ ಎಂಬ ಒಂದೇ ಸಂಗತಿ. ಹಂಗಾಮು ಶುರುವಾಗುವ ಮುನ್ನ ಕಾರ್ಖಾನೆ ಕಬ್ಬಿನ ತೂಕ ನೋಡುವಷ್ಟೇ ಕಟ್ಟುನಿಟ್ಟಾಗಿ ಟ್ರೈಲರಿನ ಬ್ರೇಕನ್ನೂ ನೋಡಿದರೆ, ಬ್ರೇಕ್ ಇಲ್ಲದ ಟ್ರೈಲರನ್ನು ತೂಕದ ಮನೆಯಿಂದಲೇ ವಾಪಸು ಕಳಿಸಿದರೆ, ಅರೆಯುವ ಕಬ್ಬಿನಲ್ಲಿ ಒಂದು ಟನ್ನೂ ಕಡಿಮೆಯಾಗುವುದಿಲ್ಲ. ರೈತನ ಟ್ರಿಪ್ಪು ಹೆಚ್ಚುವುದಿಲ್ಲ. 66 ಸಾವಿರ ಲೋಡುಗಳಲ್ಲಿ ಪ್ರತಿಯೊಂದೂ ಹತ್ತಕ್ಕೆ ಒಂದರ ಇಳಿಜಾರಿನಲ್ಲಿ 95 ಮೀಟರ್ ಮೊದಲೇ ನಿಲ್ಲುತ್ತದೆ.